ಹೈಸ್ಕೂಲಿನ ದುರ್ಯೋಧನ

ಹಳಗನ್ನಡವನ್ನು ಹೈಸ್ಕೂಲಿನ ಹುಡುಗರ ಮೇಲೆ ಹೇರಬಾರದೆಂಬ ವಾದವನ್ನು ಕೇಳಿದಾಗಲೆಲ್ಲ ನನಗೆ ಒಂದು ಗದೆಯ ನೆನಪಾಗುತ್ತದೆ. ಬಿದಿರಿನ ಕೋಲಿಗೆ ಹರಿದ ವಾಲಿಬಾಲ್ ಸಿಕ್ಕಿಸಿ, ಮೇಲೆ ಬೆಳ್ಳಿ ಬಣ್ಣದ ಕಾಗದ ಸುತ್ತಿದ್ದ ಗದೆ. ಅದು ನನ್ನ ಕೈಯಲ್ಲಿರಲಿಲ್ಲ. ನನಗೆ ಸಿಕ್ಕಿದ್ದು ಸಂಜಯನ ಪಾತ್ರ. ಶಾಲಾ ವಾರ್ಷಿಕೋತ್ಸವಕ್ಕೆ ನಮ್ಮ ಕನ್ನಡ ಮೇಷ್ಟ್ರು ರನ್ನನ ಗದಾಯುದ್ಧದಿಂದ ರಣರಂಗದ ಭಾಗವನ್ನು ಆರಿಸಿ, ಅರ್ಧ ಗಂಟೆಗೆ ಇಳಿಸಿ ಆಡಿಸಿದ್ದರು.

ತರಗತಿಯಲ್ಲಿ ಅದೇ ಪದ್ಯಗಳು ನಮಗೆ ಕಬ್ಬಿಣದ ಕಡಲೆಯಾಗಿದ್ದವು. ಸಂಧಿ ಬಿಡಿಸು, ಸಮಾಸ ಹೆಸರಿಸು, ಸಂದರ್ಭ ಸಹಿತ ವಿವರಿಸು: ಇಷ್ಟರಲ್ಲಿ ಕಾವ್ಯ ಮುಗಿದುಹೋಗುತ್ತಿತ್ತು. ಅಭಿನಯಕ್ಕೆ ನಿಂತಾಗ ಆದುದೇ ಬೇರೆ. ದುರ್ಯೋಧನನ ಜೊತೆ ಹೆಣಗಳ ನಡುವೆ ನಡೆಯುವ ಸಂಜಯನಿಗೆ ಮಾತು ಕಡಿಮೆ, ಕೇಳುವುದು ಹೆಚ್ಚು. ಅಭಿಮನ್ಯುವಿನ ಶವದ ಮುಂದೆ ಶತ್ರುವಾದ ದುರ್ಯೋಧನನೇ ಕೈಮುಗಿದು, ತನಗೂ ಇಂಥ ಸಾವು ಬರಲೆಂದು ಬೇಡುತ್ತಾನೆ. ಆ ಮಾತನ್ನು ಪ್ರತಿದಿನ ಸಂಜೆ ಹತ್ತಿರದಿಂದ ಕೇಳುತ್ತ ನಿಂತ ಹದಿನೈದರ ಹುಡುಗನಿಗೆ, ಅಜ್ಜಿಯ ಕಥೆಯ ದುರ್ಯೋಧನ ಅಲುಗಾಡತೊಡಗಿದ. ಕೆಟ್ಟವನೂ ಇಷ್ಟು ದೊಡ್ಡವನಾಗಿರಬಹುದೆ? ಪರೀಕ್ಷೆಯಲ್ಲಿ ಯಾರೂ ಕೇಳದ ಆ ಪ್ರಶ್ನೆಯೇ ನನ್ನನ್ನು ಮುಂದೆ ಕನ್ನಡ ಎಂ.ಎ.ಗೆ ಎಳೆದುಕೊಂಡು ಹೋಯಿತು.

ಮೇಷ್ಟ್ರ ಉಪಾಯ ಹೊಸದೇನೂ ಆಗಿರಲಿಲ್ಲ. ಬಿ.ಎಂ.ಶ್ರೀಕಂಠಯ್ಯನವರು 1926ರಷ್ಟು ಹಿಂದೆಯೇ 'ಗದಾಯುದ್ಧ ನಾಟಕಂ' ರಚಿಸಿ, ಚಂಪುವಿನೊಳಗೆ ಅಡಗಿದ್ದ ನಾಟಕವನ್ನು ರನ್ನನ ಮಾತಿನಿಂದಲೇ ಹೊರತೆಗೆದಿದ್ದರು. ಗ್ರೀಕ್ ದುರಂತ ನಾಟಕಗಳಲ್ಲಿ ಮನಸ್ಸು ನೆಟ್ಟಿದ್ದ 'ಶ್ರೀ'ಯವರ ಕಣ್ಣಿಗೆ ದುರ್ಯೋಧನ ದುರಂತ ನಾಯಕನಾಗಿ ಕಂಡುದು ಸಹಜ. ಅಲ್ಲಿಂದೀಚೆಗೆ ವಿಮರ್ಶೆಯಲ್ಲಿಯೂ ಪಾಠದ ಕೋಣೆಯಲ್ಲಿಯೂ ಈ ದೃಷ್ಟಿಯೇ ಬೇರೂರಿದೆ. ಪ್ರೌಢಶಾಲೆಯ ಪಠ್ಯಗಳಿಗೆ ಗದಾಯುದ್ಧದಿಂದ ಆಯ್ದುಕೊಳ್ಳುವಾಗಲೂ ಕೈ ಹೋಗುವುದು ದುರ್ಯೋಧನನ ಛಲದ ಭಾಗಕ್ಕೇ.

ಇಲ್ಲಿಯೇ ನನ್ನ ತಕರಾರು. ರನ್ನನು ತನ್ನ ಕಾವ್ಯಕ್ಕೆ ಇಟ್ಟುಕೊಂಡ ಇನ್ನೊಂದು ಹೆಸರು 'ಸಾಹಸಭೀಮವಿಜಯ'. ಅವನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಅವನು ಸಮೀಕರಿಸಿದುದು ಭೀಮನೊಡನೆ. ಹತ್ತು ಆಶ್ವಾಸಗಳ ಆ ಕಾವ್ಯ ಹೊರಡುವುದೇ ದ್ರೌಪದಿಯ ಅಳಲಿನಿಂದ: ಎಲ್ಲಿ ಪಾಂಡವರು ಸಂಧಿ ಮಾಡಿಕೊಂಡು ಬಿಡುವರೋ ಎಂಬ ಅವಳ ಅಂಜಿಕೆಯಿಂದ. ಭಟ್ಟನಾರಾಯಣನ ವೇಣೀಸಂಹಾರದ ಋಣ ರನ್ನನ ಮೇಲೆ ಎಷ್ಟಿದೆಯೆಂಬುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆ ನಾಟಕದ ಹೆಸರಿನಲ್ಲಿಯೇ ಬಿಚ್ಚಿದ ಮುಡಿ ಇದೆ. ಇದೆಲ್ಲ ನನಗೆ ತಿಳಿದುದು ಎಂ.ಎ. ತರಗತಿಯಲ್ಲಿ. ತಿಳಿದಮೇಲೂ, ನಿಜ ಹೇಳಬೇಕೆಂದರೆ, ನನ್ನ ಪಕ್ಷಪಾತ ಬದಲಾಗಲಿಲ್ಲ. ವರ್ಷಗಟ್ಟಲೆ ದುರ್ಯೋಧನನ ಔದಾರ್ಯವನ್ನೇ ಬಣ್ಣಿಸಿ ಪಾಠ ಹೇಳಿದೆ. ವಿದ್ಯಾರ್ಥಿಗಳು ತಲೆದೂಗಿದರು, ನಾನು ಹಿಗ್ಗಿದೆ.

ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು: "ಸರ್, ಹೈಸ್ಕೂಲಿನಲ್ಲಿಯೂ ಹೀಗೆಯೇ ಪಾಠ ಮಾಡಿದರು. ಈ ಕಥೆಯಲ್ಲಿ ದ್ರೌಪದಿ ಎಲ್ಲಿದ್ದಾಳೆ?"

"ಪಠ್ಯಭಾಗದಲ್ಲಿ ಇಲ್ಲಮ್ಮ," ಎಂದೆ. ಉತ್ತರ ಸುಳ್ಳಲ್ಲ. ಆದರೆ ಅದನ್ನು ಹೇಳುವಾಗ ನನಗೆ ನಾಚಿಕೆಯಾಯಿತು. ಸಭೆಯಲ್ಲಿ ಒಬ್ಬ ಹೆಣ್ಣಿನ ಸೀರೆಗೆ ಕೈಹಾಕಿಸಿದವನನ್ನು ಕುರಿತು ಕಣ್ಣೀರು ಬರುವಂತೆ ಪಾಠ ಮಾಡುತ್ತಿದ್ದೆ. ಅವಳ ಹೆಸರನ್ನು ಒಂದು ಸಲವಾದರೂ ಎತ್ತಿರಲಿಲ್ಲ.

ಹಾಗೆಂದು ರಣರಂಗದ ಭಾಗವನ್ನು ತೆಗೆದುಹಾಕಬೇಕೆಂದು ನಾನು ಹೇಳಲಾರೆ. ವೈರಿಯ ದುಃಖವನ್ನು ಒಳಗಿನಿಂದ ಕಾಣುವ ಅಭ್ಯಾಸ ಆ ವಯಸ್ಸಿಗೆ ಬೇಕು, ಅದನ್ನು ರನ್ನನಷ್ಟು ಚೆನ್ನಾಗಿ ಮಾಡಿಸಬಲ್ಲವರು ವಿರಳ. ತಪ್ಪು ಇರುವುದು ಅಷ್ಟಕ್ಕೇ ನಿಲ್ಲಿಸುವುದರಲ್ಲಿ. ಕವಿಯ ಹಿರಿಮೆ ಇರುವುದಾದರೂ ಎಲ್ಲಿ? ಭೀಮನಿಗೆ ಗೆಲುವನ್ನು ಕೊಟ್ಟು, ದ್ರೌಪದಿಯ ಸಿಟ್ಟನ್ನು ನ್ಯಾಯವೆಂದು ಒಪ್ಪಿ, ಅದರ ಜೊತೆಗೇ ಸೋಲುವವನ ಎದೆಯನ್ನು ತೆರೆದು ತೋರಿಸಿದುದರಲ್ಲಿ. ಒಂದು ತಟ್ಟೆಯನ್ನು ಮುಚ್ಚಿಟ್ಟು ತಕ್ಕಡಿಯನ್ನು ತೂಗಿಸಿದರೆ ಹುಡುಗರಿಗೆ ಸಿಗುವುದು ಹಳೆಯ ಖಳನ ಬದಲು ಹೊಸ ನಾಯಕ, ಅಷ್ಟೆ. ಅಭಿನಯದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ರಂಗದ ಮೇಲೆ ಯಾರು ಮಾತನಾಡುವರೋ ಅವರದೇ ನ್ಯಾಯ.

ಮುಂದಿನ ಕಾಲೇಜು ದಿನಕ್ಕೆ ಗದಾಯುದ್ಧವನ್ನು ಆಡಿಸಬೇಕೆಂದಿದ್ದೇವೆ. ಮೊದಲ ದೃಶ್ಯ ಭೀಮ ದ್ರೌಪದಿಯರದು. ಪ್ರಶ್ನೆ ಕೇಳಿದವಳೇ ಪದ್ಯಗಳನ್ನು ಆರಿಸಿ ಬರೆದುಕೊಂಡು ಬಂದಿದ್ದಾಳೆ. ಅವಧಿ ಮುಕ್ಕಾಲು ಗಂಟೆ ಮೀರಬಾರದೆಂದು ಪ್ರಿನ್ಸಿಪಾಲರ ಅಪ್ಪಣೆ. ಏನನ್ನಾದರೂ ಕತ್ತರಿಸಲೇಬೇಕು. ಸಂಜಯನ ಮಾತುಗಳನ್ನು ಕತ್ತರಿಸಬಹುದೆಂದು ಅವಳು ಸೂಚಿಸಿದ್ದಾಳೆ; ನಾನು ಇನ್ನೂ ಒಪ್ಪಿಲ್ಲ.