ಟ್ಯೂಬ್‌ಲೈಟ್ ಆರಿಸಿ ನೋಡ್ರಿ

ರಾಯಚೂರಿನ ಅಂಗಡಿಯಲ್ಲಿ ಮಾನಿಟರ್ ಕೇಳಿದರೆ ಮೊದಲು ಇಂಚಿನ ಮಾತು, ಆಮೇಲೆ ರೇಟಿನ ಮಾತು. ಪ್ಯಾನೆಲ್ ಯಾವುದು ಅಂದರೆ, "ಎಲ್ಲಾ ಎಲ್‌ಇಡಿನೇ ಅದಾವ್ರಿ ಸರ್" ಎಂಬ ಉತ್ತರ. ಸುಳ್ಳೇನಲ್ಲ. ಆದರೆ ಎಲ್‌ಇಡಿ ಅಂದರೆ ಪರದೆಯ ಬೆನ್ನಿಗಿರುವ ದೀಪ ಅಷ್ಟೇ. ಸವಿಯೆಲ್ಲ ಇರುವುದು ಅದರ ಮುಂದೆ, ಎರಡು ಗಾಜುಗಳ ನಡುವಿನ ದ್ರವಸ್ಫಟಿಕದ ತೆಳು ಪದರದಲ್ಲಿ.

ಆ ಪದರದ ಉದ್ದನೆಯ ಅಣುಗಳು ಹೇಗೆ ನಿಂತಿವೆ ಎಂಬುದರ ಮೇಲೆ ಪರದೆಯ ಜಾತಿ ಬೇರೆಯಾಗುತ್ತದೆ: ಟಿಎನ್, ಐಪಿಎಸ್, ವಿಎ. ಟಿಎನ್‌ನಲ್ಲಿ ಅವು ಒಂದು ಗಾಜಿನಿಂದ ಇನ್ನೊಂದರತ್ತ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಐಪಿಎಸ್‌ನಲ್ಲಿ ಗಾಜಿಗೆ ಸಮನಾಗಿ ಮಲಗಿ, ಮಲಗಿದಲ್ಲೇ ಹೊರಳುತ್ತವೆ. ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ವಿಎಯಲ್ಲಿ ನೆಟ್ಟಗೆ ಎದ್ದು ನಿಂತಿರುತ್ತವೆ, ಹಾಗೆ ನಿಂತಾಗ ಹಿಂದಿನ ಬೆಳಕು ಮುಂದಕ್ಕೆ ನುಸುಳುವುದು ತೀರ ಕಮ್ಮಿ.

ನನಗಂತೂ ಮಾನಿಟರಿನ ರುಚಿ ಹತ್ತುವುದು ಅದರ ಕಪ್ಪಿನಲ್ಲಿ. ದೇವದುರ್ಗದ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೂದುಗಟ್ಟಿರುತ್ತದೆ. ಒಂದು ಹದಮಳೆ ಬಿದ್ದರೆ ಅದೇ ಹೊಲ ಕಾಡಿಗೆಗಪ್ಪು. ಐಪಿಎಸ್‌ನ ಕಪ್ಪು ಒಣ ಎರೆ, ವಿಎಯದು ನೆಂದ ಎರೆ. ಲೆಕ್ಕದಲ್ಲಿ ಹೇಳುವುದಾದರೆ ಬಿಳಿಗೂ ಕಪ್ಪಿಗೂ ಇರುವ ಅಂತರ ಸಾಧಾರಣ ಐಪಿಎಸ್‌ನಲ್ಲಿ 1000ಕ್ಕೆ 1ರ ಆಸುಪಾಸು, ವಿಎಯಲ್ಲಿ 3000ಕ್ಕೆ 1. ಈ ವ್ಯತ್ಯಾಸ ಅಂಗಡಿಯ ಝಗಮಗ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕೃಷ್ಣೆಯ ದಂಡೆಯಿಂದ ರಾತ್ರಿ ತೆಗೆದ ಶಕ್ತಿನಗರ ವಿದ್ಯುತ್ ಸ್ಥಾವರದ ಫೋಟೊ ಪೆನ್‌ಡ್ರೈವ್‌ನಲ್ಲಿ ಒಯ್ದು, "ಆ ಟ್ಯೂಬ್‌ಲೈಟ್ ಸ್ವಲ್ಪ ಆರಿಸ್ರಿ" ಎಂದು ಕೇಳಬೇಕು. ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಐಪಿಎಸ್‌ನ ಮೂಲೆಗಳಲ್ಲಿ ಮಬ್ಬು ಬೆಳಕು ಹಬ್ಬಿ ಆಕಾಶ ಹೊಗೆ ಹಿಡಿದಂತಾಗುತ್ತದೆ. ವಿಎಯಲ್ಲಿ ಸ್ಥಾವರದ ದೀಪಗಳು ಕತ್ತಲೆಯಿಂದ ಒಂದೊಂದಾಗಿ ಹೊರಬರುತ್ತವೆ.

ಹಾಗಂತ ವಿಎಗೆ ಮಾರುಹೋಗುವ ಮುಂಚೆ ಇನ್ನೊಂದು ಫೋಟೊ ತೆರೆಯಿರಿ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಬಂಡೆಯಿದೆಯಲ್ಲ, ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ತೆಳುಗೀಟಿನಲ್ಲಿ ಕೊರೆದಿದ್ದಾರೆ. ನೆರಳಿದ್ದಾಗ ತೆಗೆದ ಫೋಟೊದಲ್ಲಿ ಆ ಗೀಟುಗಳು ಬೂದಿಗಿಂತ ಕೊಂಚ ಕಡುಬೂದು. ವಿಎ ಮುಂದೆ ನೇರಕ್ಕೆ ಕೂತರೆ ಅವು ಕಪ್ಪಿನಲ್ಲಿ ಮುಳುಗುತ್ತವೆ, ತಲೆ ಓರೆ ಮಾಡಿದರೆ ಮೇಲೆದ್ದು ಬರುತ್ತವೆ! ಐಪಿಎಸ್‌ನಲ್ಲಿ ಬಂಡಿಯ ಗಾಲಿ ಅಲುಗಾಡದೆ ಕಾಣುತ್ತದೆ. ಲಗ್ನದ ಆಲ್ಬಮ್ ಮಾಡುವ ಸ್ಟುಡಿಯೋದವರು ಐಪಿಎಸ್ ಬಿಡದಿರುವುದು ಸುಮ್ಮನೆ ಅಲ್ಲ.

ಹಸಿರಿಗೆ ಮಾನ್ವಿ ಕಡೆಯ, ಕಾಲುವೆ ನೀರಿನ ಭತ್ತದ ಗದ್ದೆ ಸಾಕು. ನಾಟಿಯ ತಿಳಿಹಸಿರು, ಹೊಡೆ ತುಂಬಿದ ಕಡುಹಸಿರು, ಕೊಯ್ಲಿಗೆ ಬಂದ ಹೊಂಬಣ್ಣ ಮೂರೂ ಒಂದೇ ಚೌಕಟ್ಟಿನಲ್ಲಿರಲಿ. ಟಿಎನ್ ಮುಂದೆ ಕುರ್ಚಿಯಿಂದ ಎದ್ದರೆ ಸಾಕು, ಮೂರೂ ಬಿಳಿಚಿಕೊಳ್ಳುತ್ತವೆ. ಈ ಕೊರತೆ ಒಂದಿಷ್ಟು ನೀಗಿದ್ದಕ್ಕೆ ಬೆಂಗಳೂರಿನ ನಂಟಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಚಪ್ಪಟೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಅಂಥ ಅಣುಗಳ ಪೊರೆಯನ್ನು ಟಿಎನ್ ಪರದೆಗೆ ಹಚ್ಚಿ, ಅದು ಚೆನ್ನಾಗಿ ಕಾಣುವ ಕೋನವನ್ನು ಹಿಗ್ಗಿಸಿತು. ಹೀಗಾಗಿ ಟಿಎನ್ ಕಂಡರೆ ನಾನು ಮೂಗು ಮುರಿಯಲಾರೆ, ಕೊಳ್ಳಲೂ ಆರೆ.

ನಮ್ಮ ಲಿಪಿಯ ಮಾತೂ ಇದೆ. ಲಗ್ನಪತ್ರಿಕೆಯ ನೆತ್ತಿಯ ಮೇಲಿನ 'ಲಕ್ಷ್ಮೀ'ಯನ್ನೇ ನೋಡಿ: ಕಕಾರಕ್ಕೆ ಷಕಾರದ ಒತ್ತು, ಅದಕ್ಕೆ ಸೇರಿ ಮಕಾರದ ಒತ್ತು, ಜೊತೆಗೆ ದೀರ್ಘ. 27 ಇಂಚಿನ ಪರದೆಯಲ್ಲಿ 1920x1080 ಚುಕ್ಕಿಗಳಷ್ಟೇ ಇದ್ದರೆ ಇಂಚಿಗೆ ಸುಮಾರು 82 ಚುಕ್ಕಿ. ಸಣ್ಣ ಅಕ್ಷರದಲ್ಲಿ ಆ ಒತ್ತು ಕಲಸಿಹೋಗುತ್ತದೆ. ಅದೇ ಅಳತೆಯಲ್ಲಿ 2560x1440 ಇದ್ದರೆ 109. ಒತ್ತಿನ ಸುಳಿ ಬಿಡಿಯಾಗಿ ಕಣ್ಣಿಗೆ ದಕ್ಕುತ್ತದೆ. ಇಂಗ್ಲಿಷ್ ಓದುವವರಿಗೆ ಈ ಕಷ್ಟ ಇಷ್ಟಿಲ್ಲ.

ಕಪ್ಪಿನ ವಿಷಯದಲ್ಲಿ ಒಎಲ್‌ಇಡಿ ಮುಂದೆ ಇವೆಲ್ಲ ಸಪ್ಪೆ. ಅಲ್ಲಿ ಹಿಂದಿನ ದೀಪವೇ ಇಲ್ಲ; ಪ್ರತಿ ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತದೆ. ಕತ್ತಲ ಕೋಣೆಯಲ್ಲಿ ಪರದೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ತಿಳಿಯದು. ಆದರೆ ಬೆಳಿಗ್ಗೆಯಿಂದ ಸಂಜೆತನಕ ಒಂದೇ ಮೆನು ಪಟ್ಟಿ ಹೊತ್ತು ಕೂಡುವ ಡಿಟಿಪಿ ಕೆಲಸಕ್ಕೆ ಅದು ಒಗ್ಗದು. ಕದಲದ ಚಿತ್ರ ವರ್ಷಗಳಲ್ಲಿ ಕಲೆಯಾಗಿ ಉಳಿಯುತ್ತದೆ, ಬಿಸಿ ಹೆಚ್ಚಿದಷ್ಟೂ ಪರದೆ ಬೇಗ ಸವೆಯುತ್ತದೆ. ಬಹಳಷ್ಟು ಮಾನಿಟರುಗಳ ಕೈಪಿಡಿಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಿ ಎಂದಿರುತ್ತದೆ. ರಾಯಚೂರಿನ ಮೇ ತಿಂಗಳು ಕೈಪಿಡಿ ಓದಿಲ್ಲ. ಏಸಿ ಕೋಣೆ, ರಾತ್ರಿ ಸಿನಿಮಾದ ಚಟ, ಕೈತುಂಬ ದುಡ್ಡು ಮೂರೂ ಇರುವ ಗೆಳೆಯರು ಕೇಳಿದರೆ ಮಾತ್ರ ಒಎಲ್‌ಇಡಿ ಹೆಸರು ಹೇಳುತ್ತೇನೆ, ಅದೂ ಒಮ್ಮೆ ಅವರ ಮನೆಗೆ ಕರೆಯಲಿ ಎಂಬ ಆಸೆಯಿಂದ.