ನೆಲಮಾಳಿಗೆಯಿಂದ ನೋಡಬೇಕಾದ ಚರ್ಚು

ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಎದುರು ನಿಂತವರೆಲ್ಲ ಮೊದಲು ಕತ್ತೆತ್ತುತ್ತಾರೆ. 175 ಅಡಿಯ ಅವಳಿ ಗೋಪುರ, ನೆತ್ತಿಯ ಮೇಲೆ ಶಿಲುಬೆ, ನಾಲ್ಕಾರು ಫೋಟೊ. ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ನಕಲು ಎಂಬ ಮಾತು ಕಿವಿಗೆ ಬಿದ್ದರೆ ನೋಡಿದ್ದು ಮುಗಿಯಿತು ಅಂದುಕೊಳ್ಳುತ್ತಾರೆ. ನಾನಂತೂ ಈ ಚರ್ಚನ್ನು ಬುಡದಿಂದ ನೋಡಿ ಅನ್ನುತ್ತೇನೆ. ಮೊದಲು ಪೀಠದ ಕೆಳಗಿನ ನೆಲಮಾಳಿಗೆಗೆ ಇಳಿಯಿರಿ.

ಕಿರಿದಾದ ದಾರಿ. ಕೆಳಗೆ ಫಿಲೋಮಿನಾಳ ಪ್ರತಿಮೆ, ಆಕೆಯ ಪವಿತ್ರ ಅವಶೇಷ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಎಳೆಯ ಹುಡುಗಿಯೊಬ್ಬಳ ಮೂಳೆಗಳು ಸಿಕ್ಕವು. ಗೋರಿಯ ಬಾಯಿಗೆ ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಂಚುಗಳ ಮೇಲೆ ಬಾಣ, ಲಂಗರು ಮತ್ತು ಲ್ಯಾಟಿನ್ ಅಕ್ಷರಗಳಿದ್ದವು. ಕೊನೆಗೆ ಬರಬೇಕಿದ್ದ ಹಂಚು ಮೊದಲಿಗೆ ಕೂತಿತ್ತು. ಅದನ್ನು ಸರಿಸಿ ಓದಿದಾಗ ಫಿಲುಮೆನಾ ಎಂಬ ಹೆಸರು ಕೂಡಿಬಂತು. ಇತಿಹಾಸ ಕೊಡುವುದು ಇಷ್ಟನ್ನೇ. ಉಳಿದದ್ದನ್ನೆಲ್ಲ ಭಕ್ತರು ಕಟ್ಟಿಕೊಂಡರು. 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆದುಹಾಕಿತು. ಈ ಪ್ರಧಾನಾಲಯದ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಆದರೂ ಮೈಸೂರಿನ ಬಾಯಲ್ಲಿ ಇಂದಿಗೂ ಇದು ಫಿಲೋಮಿನಾ ಚರ್ಚೇ.

ಆ ಅವಶೇಷ ಇಲ್ಲಿಗೆ ಬಂದದ್ದು ಅರಮನೆಯ ನಂಟಿನಿಂದ. ಮಹಾರಾಜರ ಕಾರ್ಯದರ್ಶಿಯಾಗಿದ್ದ ಕ್ಯಾಥೊಲಿಕ್ ಅಧಿಕಾರಿ ತಂಬು ಚೆಟ್ಟಿಯವರು 1926ರಲ್ಲಿ ಪೋಪ್ ಪ್ರತಿನಿಧಿ ಪಿಸಾನಿ ಅವರಿಂದ ಅದನ್ನು ಪಡೆದು ತಂದರು. ಅದಕ್ಕೆ ತಕ್ಕ ಗುಡಿ ಬೇಕೆಂಬ ಕೋರಿಕೆ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಹೋಯಿತು. 1933ರ ಅಕ್ಟೋಬರ್ 28ರಂದು ಅವರೇ ಶಂಕುಸ್ಥಾಪನೆ ಮಾಡಿದರು. ಇಲ್ಲಿ ಮೊದಲಿದ್ದ ಚರ್ಚನ್ನು 1843ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲೇ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು ಎಂಬುದನ್ನು ನೆನೆದರೆ ಆ ಕೊಡುಗೆಯ ತೂಕ ನನಗೆ ಇನ್ನೂ ಹೆಚ್ಚಾಗಿ ಕಾಣುತ್ತದೆ.

ಇನ್ನು ನಕಲಿನ ಮಾತು. ಕಲೋನಿನ ಗೋಪುರಗಳು 157 ಮೀಟರ್. ನಮ್ಮವು ಅದರ ಸುಮಾರು ಮೂರನೇ ಒಂದು ಪಾಲು. 1248ರಲ್ಲಿ ಶುರುವಾದ ಕಲೋನ್ ಕೆಲಸ ಹದಿನಾರನೇ ಶತಮಾನದಲ್ಲಿ ನಿಂತೇಹೋಗಿ, ಮತ್ತೆ ಆರಂಭವಾದದ್ದು 1842ರಲ್ಲಿ, ಮುಗಿದದ್ದು 1880ರಲ್ಲಿ. ಅಂದರೆ ಮುಮ್ಮಡಿಯವರ ಚರ್ಚು ಎದ್ದ ವರ್ಷ ಕಲೋನಿನ ಆ ಗೋಪುರಗಳು ಇನ್ನೂ ಪೂರ್ತಿಯಾಗಿರಲಿಲ್ಲ! ಹಳೆಯ ಗಾಥಿಕ್ಕನ್ನು ಹೊಸದಾಗಿ ಕಟ್ಟುವ ಹಂಬಲ ಆಗ ಯುರೋಪಿನಲ್ಲೆಲ್ಲ ಇತ್ತು. ಅದೇ ಹಂಬಲದ ತಡವಾದ, ಸುಂದರವಾದ ಫಸಲು ನಮ್ಮದು.

ನೆಲಮಾಳಿಗೆಯಿಂದ ಮೇಲೆ ಬಂದಾಗ ಆ ಗಾಥಿಕ್ಕಿನ ಬೆಲೆ ಗೊತ್ತಾಗುತ್ತದೆ. ತಗ್ಗಿದ ಸೂರಿನಡಿ ಮೈ ಕುಗ್ಗಿಸಿ ನಡೆದವರ ತಲೆಯ ಮೇಲೆ ಚಾವಣಿ ಇದ್ದಕ್ಕಿದ್ದಂತೆ ದೂರ ಸರಿಯುತ್ತದೆ. ಕಟ್ಟಡದ ತಳವಿನ್ಯಾಸ ಶಿಲುಬೆಯಾಕಾರದ್ದು: ಉದ್ದನೆಯ ನಡುಸಾಲೆ, ಎರಡು ತೋಳು, ತಲೆಯ ಕಡೆ ಪೀಠ. ಸಂತಳ ಜಾಗ ಆ ತಲೆಯ ಅಡಿಯಲ್ಲಿ. ಚೂಪು ಕಮಾನು ದುಂಡು ಕಮಾನಿಗಿಂತ ಕಡಿದಾಗಿ ಭಾರವನ್ನು ಕೆಳಗಿಳಿಸುತ್ತದೆ, ಗೋಡೆಯನ್ನು ಹೊರಕ್ಕೆ ತಳ್ಳುವುದು ಕಡಿಮೆ. ಗೋಡೆಯನ್ನು ಅಷ್ಟು ಧಾರಾಳವಾಗಿ ತೆರೆದು ಗಾಜು ಕೂರಿಸಲು ಸಾಧ್ಯವಾದದ್ದು ಅದರಿಂದ.

ಬಣ್ಣದ ಗಾಜಿನಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ ಇವೆ. ಅರಮನೆಯ ಕಲ್ಯಾಣ ಮಂಟಪದಲ್ಲಿ ಗ್ಲಾಸ್ಗೋದಿಂದ ಬಂದ ನವಿಲಿನ ಗಾಜು ತಲೆಯ ಮೇಲಿದೆ, ಬೆಳಕು ನೆತ್ತಿಯಿಂದ ಸುರಿಯುತ್ತದೆ. ಇಲ್ಲಿ ಬೆಳಕು ಪಕ್ಕದಿಂದ ಬರುತ್ತದೆ, ಸೂರ್ಯ ಸರಿದಂತೆ ತಾನೂ ಸರಿಯುತ್ತದೆ. ಆದ್ದರಿಂದ ನಡುಹಗಲು ಬಿಟ್ಟು ಬೆಳಿಗ್ಗೆಯೋ ಸಂಜೆಯೋ ಹೋಗಿ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುವವರೆಗೆ ಕಾಯಿರಿ.