‘ಸುಲ್ತಾನಳ ಸ್ವಪ್ನ’: ಒಂದು ವಿಮರ್ಶೆ

ಸ್ತ್ರೀಯರೇ ಆಳುವ ನಾಡನ್ನು ಕಲ್ಪಿಸುವ ಕಥೆಯು ಯಾವುದೊಂದು ದೇಶದ ಸ್ವತ್ತೂ ಅಲ್ಲ. ಬ್ರೆಜಿಲಿನ ಎಮೀಲಿಯಾ ಫ್ರೇಯ್ತಾಸರ ಇಂತಹದೊಂದು ಕಾದಂಬರಿಯು 1899ರಲ್ಲಿ ಹೊರಟಿತು. ಆರು ವರ್ಷಗಳ ತರುವಾಯ, 1905ರಲ್ಲಿ, ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ರೊಕೆಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’ ಎಂಬ ಆಂಗ್ಲ ಕಥೆಯು ಅಚ್ಚಾಯಿತು. ಲೇಖಿಕೆಯು ಬಂಗಾಳದ ರಂಗಪುರ ಪ್ರಾಂತದ ಮುಸಲ್ಮಾನ ಮನೆತನದವರು. ಪರದೆಯೊಳಗೆ ಬೆಳೆದು, ಅಣ್ಣನಿಂದ ಗುಟ್ಟಾಗಿ ಇಂಗ್ಲಿಷನ್ನು ಕಲಿತವರು.

ಕಥೆಯು ಚಿಕ್ಕದು. ಸುಲ್ತಾನಳು ಕನಸಿನಲ್ಲಿ ಸ್ತ್ರೀರಾಜ್ಯವನ್ನು ಕಾಣುವಳು. ಅಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಹೊರಗೆ. ಹೆಣ್ಣುಮಕ್ಕಳೆಲ್ಲ ಓದಬೇಕು, ಇಪ್ಪತ್ತೊಂದು ವರ್ಷಕ್ಕೆ ಮೊದಲು ಮದುವೆ ಕೂಡದು ಎಂಬುದು ರಾಣಿಯ ಆಜ್ಞೆ. ಸ್ತ್ರೀಯರ ಒಂದು ವಿಶ್ವವಿದ್ಯಾಲಯವು ಮೋಡದಿಂದ ನೀರನ್ನು ಸೆಳೆಯುವ ಉಪಾಯವನ್ನೂ, ಮತ್ತೊಂದು ಬಿಸಿಲಿನ ಕಾವನ್ನು ಕೂಡಿಡುವ ಯಂತ್ರವನ್ನೂ ಕಂಡುಹಿಡಿಯುವುವು. ಸೈನ್ಯಬಲವನ್ನು ಬೆಳೆಸುವುದರಲ್ಲಿಯೇ ಮಗ್ನರಾದ ಗಂಡಸರು ಇದನ್ನು ಕಂಡು ನಗುವರು. ಕಡೆಗೆ ಅವರು ಸೋತ ಯುದ್ಧವನ್ನು ಆ ಬಿಸಿಲೇ ಗೆದ್ದುಕೊಡುವುದು.

ಈ ಕಥೆಯ ಜೀವವು ಸ್ತ್ರೀಪುರುಷರ ಸ್ಥಾನಪಲ್ಲಟದಲ್ಲಿದೆಯೆಂದು ಸಾಮಾನ್ಯವಾಗಿ ಹೇಳುವರು. ನಮಗಾದರೋ ಅದು ನೀರು ಬಿಸಿಲುಗಳಲ್ಲಿದೆಯೆಂದು ತೋರುವುದು. ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಯಚೂರಿನ ಬಿಸಿಲನ್ನು ಬಲ್ಲವರಿಗೆ, ದೇವದುರ್ಗ ಮಾನವಿಗಳ ಹಳ್ಳಿಗಳಲ್ಲಿ ಬೇಸಗೆಯಲ್ಲಿ ಕೊಡ ಹೊರುವವರು ಯಾರೆಂದು ಬಲ್ಲವರಿಗೆ, ಲೇಖಿಕೆಯು ಈ ಎರಡನ್ನೇ ಏಕೆ ಆರಿಸಿಕೊಂಡರೆಂಬುದು ತಾನೇ ಹೊಳೆಯುವುದು. ನೀರು ಒಲೆಗಳ ಕಷ್ಟವನ್ನು ಅನುಭವಿಸುವವರ ಕೈಗೆ ವಿದ್ಯೆ ಬಂದರೆ ವಿಜ್ಞಾನವು ಮೊದಲು ಆ ಕಡೆಗೇ ತಿರುಗುವುದು. ಹೊಗೆಯಿಲ್ಲದ ಆ ಅಡಿಗೆಮನೆಯೇ ಇಡೀ ಕಥೆಯ ತಿರುಳು.

ದೋಷವೂ ಉಂಟು. ಸುಲ್ತಾನಳು ಅಡಿಗೆಮನೆಯನ್ನು ನೋಡಹೋದಾಗ ಅಲ್ಲಿದ್ದ ಗಂಡಸರನ್ನು ಮೊದಲೇ ಸರಿಸಿರುವರು. ಒಳಗಿರುವ ಒಬ್ಬನ ಮಾತೂ ನಮಗೆ ಕೇಳಿಬರದು. ವಿಡಂಬನೆಯಾಗಿ ಇದು ಸೊಗಸು. ಆದರ್ಶರಾಜ್ಯದ ಚಿತ್ರವಾಗಿ ಅಪೂರ್ಣ. ಬಾಗಿಲಿಗೆ ಅಗಳಿ ಹಾಕುವ ಕೈ ಬದಲಾಯಿತೇ ಹೊರತು ಅಗಳಿ ಹೋಗಲಿಲ್ಲ.

ತಾರಾ ಬುಕ್ಸ್‌ನವರು ಚೆನ್ನೈಯಲ್ಲಿ ಹೊರತಂದ ಆವೃತ್ತಿಗೆ ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್ ಚಿತ್ರಗಳನ್ನು ಬರೆದಿರುವರು. 2022ರಲ್ಲಿ ಪದ್ಮಶ್ರೀ ಪಡೆದ ಇವರು, ಮನೆಯ ಗೋಡೆ ನೆಲಗಳ ಮೇಲಿನ ರಂಗವಲ್ಲಿಯನ್ನು ಅಜ್ಜಿಯಿಂದ ಕಲಿತವರು. ಸ್ತ್ರೀಯರ ಮನೆವಿದ್ಯೆಯೇ ಇಲ್ಲಿ ಸ್ತ್ರೀಯರ ಕನಸಿಗೆ ರೂಪ ಕೊಟ್ಟಿರುವುದು ಉಚಿತವಾಗಿದೆ.

ರೊಕೆಯಾ ಕನಸಿನಲ್ಲಿಯೇ ನಿಲ್ಲಲಿಲ್ಲ. 1909ರಲ್ಲಿ ಭಾಗಲ್ಪುರದಲ್ಲಿ ಐದು ಮಂದಿ ಹುಡುಗಿಯರೊಡನೆ ಶಾಲೆಯನ್ನು ತೆರೆದು, 1911ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ನೆಲೆಗೊಳಿಸಿ, 1932ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲಿಯೂ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ ಐವತ್ತು ಮುಟ್ಟಲಿಲ್ಲ. ಆದಕಾರಣ ಈ ಕಥೆಯನ್ನು ಹಳೆಯದೆಂದು ಬದಿಗಿಡುವ ಕಾಲವು ನಮಗಿನ್ನೂ ಬಂದಿಲ್ಲ.